ನಾನು ಅಪ್‌ಡೇಟ್ ಮಾಡಿದೆ, ಕಾಕಾನ ಕೈ ನಿಂತಿತು

ಮನೆಯಲ್ಲೊಬ್ಬ ಇಂಜಿನಿಯರಿಂಗ್ ಓದುವ ಹುಡುಗ ಇದ್ದಾನೆ ಎಂದರೆ ಅವನಿಗೆ ಒಂದು ಕಾಯಂ ನೌಕರಿ ಇದ್ದೇ ಇರುತ್ತದೆ. ಹಬ್ಬಕ್ಕೆ ಊರಿಗೆ ಹೋದರೆ ಹೆಗಲಿನ ಬ್ಯಾಗ್ ಇಳಿಸುವ ಮೊದಲೇ ಯಾರದೋ ಮೊಬೈಲ್ ಕೈಗೆ ಬರುತ್ತದೆ. ಸ್ಟೋರೇಜ್ ಫುಲ್ ಆಗಿದೆ, ಟಿ.ವಿಗೆ ವೈಫೈ ಸಿಗುತ್ತಿಲ್ಲ, ಪ್ರಿಂಟರ್ ಮಾತು ಕೇಳುತ್ತಿಲ್ಲ. ಓದುತ್ತಿರುವುದು ಸಿವಿಲ್ಲೋ ಮೆಕ್ಯಾನಿಕಲ್ಲೋ ಎಂದು ಯಾರೂ ಕೇಳುವುದಿಲ್ಲ. ನಾನಂತೂ ಕಂಪ್ಯೂಟರ್ ಸೈನ್ಸ್, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ನಿಜ ಹೇಳಬೇಕೆಂದರೆ ತಪ್ಪಿಸಿಕೊಳ್ಳಬೇಕು ಎಂದೂ ಅನಿಸುವುದಿಲ್ಲ. ಕಾಲೇಜಿನಲ್ಲಿ ಸಾಮಾನ್ಯ ವಿದ್ಯಾರ್ಥಿಯಾದ ನನಗೆ ಊರಲ್ಲಿ ಸಿಗುವ ಈ ಮರ್ಯಾದೆ ಇಷ್ಟವೇ.

ಕಳೆದ ದಸರಾ ರಜೆಯಲ್ಲಿ ಇಂಥದ್ದೇ ಒಂದು ಉಪಕಾರ ಮಾಡಿದೆ. ಅದು ಉಪಕಾರ ಎಂದು ನಾನು ಅಂದುಕೊಂಡಿದ್ದೆ ಎನ್ನುವುದು ಹೆಚ್ಚು ಸರಿ.

ನಮ್ಮೂರು ಹಾವೇರಿ ಜಿಲ್ಲೆಯ ಬ್ಯಾಡಗಿ. ಅಲ್ಲಿ ನಮ್ಮ ಕಾಕಾನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಸ್ಟುಡಿಯೊ ಎನ್ನುವುದು ಬೋರ್ಡಿನ ಮೇಲಷ್ಟೇ ಉಳಿದಿದೆ. ಮದುವೆ ಮಾಡುವವರು ಈಗ ಡ್ರೋನ್ ಹಾರಿಸುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಕಾಕಾನ ಸಂಸಾರ ನಡೆಯುವುದು ಪಾಸ್‌ಪೋರ್ಟ್ ಸೈಜಿನ ಫೋಟೊ, ಹುಟ್ಟುಹಬ್ಬದ ಬ್ಯಾನರ್, ಜಾತ್ರೆಯ ಸ್ವಾಗತ ಫಲಕ ಮತ್ತು ‘ಭಾವಪೂರ್ಣ ಶ್ರದ್ಧಾಂಜಲಿ’ಗಳಿಂದ. ಡಿಸೈನ್ ಇವರದು, ದೊಡ್ಡದಾಗಿ ಮುದ್ರಿಸುವ ಯಂತ್ರ ಬೇರೆಯವರದು. ಕೊನೆಯದಕ್ಕೆ ಮಾತ್ರ ಹೊತ್ತು ಗೊತ್ತು ಇರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಬಂದು ಬೆಳಗ್ಗೆ ಆರಕ್ಕೆ ಬೇಕು ಎನ್ನುತ್ತಾರೆ. ಬೇಡ ಎನ್ನುವ ಕೆಲಸವೂ ಅದಲ್ಲ.

ಇದೆಲ್ಲವನ್ನೂ ಕಾಕಾ 2014ರಿಂದ ಮಾಡುತ್ತಿರುವುದು ಗಿಂಪ್‌ನಲ್ಲಿ. ಹೆಸರು ಕೇಳದವರಿಗೆ ಹೇಳುವುದಾದರೆ, ಫೋಟೊಶಾಪ್ ಮಾಡುವ ಬಹಳಷ್ಟು ಕೆಲಸವನ್ನು ಮಾಡುವ, ದುಡ್ಡು ಕೊಡಬೇಕಿಲ್ಲದ ಮುಕ್ತ ತಂತ್ರಾಂಶ ಅದು. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು. ಅದರ ಗುರುತು ಬಾಯಲ್ಲಿ ಕುಂಚ ಕಚ್ಚಿಕೊಂಡ ಒಂದು ಪ್ರಾಣಿ. ಹಾಗಾಗಿ ಕಾಕಾನ ಬಾಯಲ್ಲಿ ಅದು ‘ನರಿ’. ‘ನರಿ ತೆಗಿ’ ಎಂದರೆ ಗಿಂಪ್ ಓಪನ್ ಮಾಡು ಎಂದರ್ಥ. ಯಾವ ಕ್ಲಾಸಿಗೂ ಹೋಗದೆ, ಒತ್ತಿ ನೋಡಿ, ಕೆಡಿಸಿ, ಮತ್ತೆ ಒತ್ತಿ ಕಲಿತವರು ಅವರು. ಕಾಕಾ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ಮೌಸ್ ಎಲ್ಲಿ ಹೋಯಿತು ಎಂದು ಗೊತ್ತಾಗುವುದಿಲ್ಲ, ಅಷ್ಟು ಚುರುಕು.

ಅಂಗಡಿಯ ಕಂಪ್ಯೂಟರ್ ಮಾತ್ರ ಮುದಿಯಾಗಿತ್ತು. ವಿಂಡೋಸ್ 7, ಗಿಂಪ್ 2.8. ಆನ್ ಮಾಡಿ ಚಹಾ ಕುಡಿದು ಬರಬಹುದಿತ್ತು. ಒಂದು ಟ್ಯೂಷನ್ ಸೆಂಟರಿಗೆ ವೆಬ್‌ಸೈಟ್ ಮಾಡಿಕೊಟ್ಟು ಸಿಕ್ಕ ದುಡ್ಡಿನಲ್ಲಿ ಒಂದು ಎಸ್‌ಎಸ್‌ಡಿ, ಒಂದು ರ‍್ಯಾಮ್ ಕೊಂಡು, ಆಯುಧ ಪೂಜೆಯ ಹಿಂದಿನ ರಾತ್ರಿ ಎಲ್ಲವನ್ನೂ ಅಳಿಸಿ ಹೊಸದಾಗಿ ಕಟ್ಟಿದೆ. ಆ ಯಂತ್ರಕ್ಕೆ ವಿಂಡೋಸ್ 11 ಹತ್ತುವುದಿಲ್ಲ, ಹಾಗಾಗಿ 10 ಹಾಕಿದೆ. ಅದಕ್ಕೂ ಅಕ್ಟೋಬರ್ 14ಕ್ಕೆ ಕಂಪನಿಯ ಬೆಂಬಲ ಮುಗಿಯುವುದಿತ್ತು, ಅದು ಬೇರೆ ಸಂಕಟ. ಕಾಕಾನ ಫೋಟೊಗಳು, ನುಡಿ ಫಾಂಟ್‌ಗಳು, ಹೂಮಾಲೆ–ದೀಪಗಳ ಚಿತ್ರಗಳು, ಹಳೆಯ ಬ್ಯಾನರ್ ಕಡತಗಳು, ಒಂದನ್ನೂ ಬಿಡದೆ ಪೆನ್‌ಡ್ರೈವ್‌ಗೆ ತುಂಬಿಕೊಂಡು ವಾಪಸು ಹಾಕಿದೆ. ಕೊನೆಗೆ ಗಿಂಪ್. ಹಳೆಯದನ್ನು ಯಾಕೆ ಹಾಕಲಿ? 2025ರ ಮಾರ್ಚ್‌ನಲ್ಲಷ್ಟೇ 3.0 ಬಂದಿತ್ತು. ಅದನ್ನೇ ಹಾಕಿದೆ. ಮರುದಿನ ಕಾಕಾ ಸಿಪಿಯುಗೆ ವಿಭೂತಿ–ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟು ಕಾಯಿ ಒಡೆದರು. ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಆನ್ ಆದದ್ದನ್ನು ನೋಡಿ ಚಿಗವ್ವನನ್ನು ಕರೆದು ತೋರಿಸಿದರು. ನಾನು ಎದೆ ಉಬ್ಬಿಸಿಕೊಂಡು ಹಾಸ್ಟೆಲ್‌ಗೆ ಮರಳಿದೆ.

ಹತ್ತು ದಿನದ ನಂತರ ರಾತ್ರಿ ಒಂಬತ್ತೂ ಕಾಲಿಗೆ ಫೋನ್ ಬಂತು. ಮರುದಿನ ಕಂಪ್ಯೂಟರ್ ನೆಟ್‌ವರ್ಕ್ಸ್ ಇಂಟರ್ನಲ್ಸ್ ಇತ್ತು.

‘ತಮ್ಮಾ, ಆ ಪಟ್ಟಿ ಎಲ್ಲಿ ಇಟ್ಟೀಪಾ?’

‘ಯಾವ ಪಟ್ಟಿರಿ ಕಾಕಾ?’

‘ಅದಪಾ, ಗಾಯಕ್ಕ ಹಚ್ಚೋದು. ಶಿಕ್ಕಾದ ಬಾಜೂಕ ಇರ್ತಿತ್ತಲ್ಲ.’

ಶಿಕ್ಕಾ ಯಾವುದು ಎಂದು ನನಗೆ ಅರ್ಥವಾಗಲಿಲ್ಲ. ನಾನು ‘ಹೀಲ್ ಟೂಲಾ?’ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಹನ್ನೊಂದು ವರ್ಷ ಬಳಸಿದ ಸಾಧನದ ಇಂಗ್ಲಿಷ್ ಹೆಸರು ಅವರಿಗೆ ಒಂದು ದಿನವೂ ಬೇಕಾಗಿರಲಿಲ್ಲ. ಅದು ಬ್ಯಾಂಡೇಜ್ ಪಟ್ಟಿಯ ಚಿತ್ರ, ಅದಿರುವುದು ರಬ್ಬರ್ ಸ್ಟ್ಯಾಂಪಿನ ಚಿತ್ರದ ಪಕ್ಕ, ಅಷ್ಟೇ. ಅವರ ಇಡೀ ವಿದ್ಯೆ ಹಾಗೆ ಚಿತ್ರ ಮತ್ತು ಜಾಗದ ಲೆಕ್ಕದಲ್ಲಿತ್ತು. ನಾನು ಹಾಕಿದ ಹೊಸ ಆವೃತ್ತಿಯಲ್ಲಿ ಬಣ್ಣದ ಚಿತ್ರಗಳು ಹೋಗಿ ಕಪ್ಪು ಹಿನ್ನೆಲೆಯ ಮೇಲೆ ಬೂದು ಗೆರೆಗಳು ಬಂದಿದ್ದವು. ಹತ್ತಿರದ ಕೆಲಸ ಮಾಡುವ ಸಾಧನಗಳನ್ನೆಲ್ಲ ಒಂದೇ ಗುಂಡಿಯ ಕೆಳಗೆ ಸೇರಿಸಿದ್ದರು. ಸ್ಟ್ಯಾಂಪಿನ ಗುಂಡಿಯ ಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನ ಇರುತ್ತದೆ, ಅದನ್ನು ಒತ್ತಿ ಹಿಡಿದರೆ ಪಟ್ಟಿ ಹೊರಗೆ ಬರುತ್ತದೆ. ಐವತ್ತು ದಾಟಿದ, ಓದುವ ಕನ್ನಡಕ ಹಾಕುವ ಮನುಷ್ಯನಿಗೆ ಆ ತ್ರಿಕೋನ ಕಾಣಿಸುವುದು ಹೇಗೆ?

ಇದು ಈಗಿನ ಮಾತು. ಆ ರಾತ್ರಿ ನಾನು ಹೇಳಿದ್ದು, ‘ಅಲ್ಲೇ ಐತಿ ಕಾಕಾ, ಸರಿಯಾಗಿ ನೋಡ್ರಿ.’

ಪಕ್ಕದ ಹಳ್ಳಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಮನೆಯವರ ಬಳಿ ಇದ್ದದ್ದು ಯಾವುದೋ ಮದುವೆಯ ಗುಂಪು ಫೋಟೊ. ಅದರಿಂದ ಅವರೊಬ್ಬರನ್ನು ಬಿಡಿಸಿ, ಹೆಗಲ ಮೇಲಿದ್ದ ಇನ್ನೊಬ್ಬರ ಕೈಯನ್ನು ಅಳಿಸಿ, ಹಿಂದೆ ತಿಳಿ ಬಣ್ಣ ಹರಡಿ, ಹೆಸರು–ತಾರೀಖು ಬರೆಯಬೇಕು. ಹಳೆಯದರಲ್ಲಿ ಕಾಕಾಗೆ ಇದು ಅರ್ಧ ಗಂಟೆಯ ಕೆಲಸ. ಬಣ್ಣ ಹರಡುವ ಗ್ರೇಡಿಯಂಟ್ ಕೂಡ ಬಕೆಟ್ಟಿನ ಕೆಳಗೆ ಅಡಗಿ ಕುಳಿತಿತ್ತು. ಇನ್ನೊಂದು ತಮಾಷೆ ಕೇಳಿ. ಹಿಂದಿನ ಗಿಂಪ್‌ನಲ್ಲಿ ಏನನ್ನಾದರೂ ಪೇಸ್ಟ್ ಮಾಡಿದರೆ ಅದು ತೇಲುತ್ತ ನಿಲ್ಲುತ್ತಿತ್ತು. ಕಂಟ್ರೋಲ್ ಹಿಡಿದು ಎಚ್ ಒತ್ತಿ ಅದನ್ನು ಕೂರಿಸಬೇಕಿತ್ತು. ಎಲ್ಲ ಹೊಸಬರನ್ನೂ ಗೋಳಾಡಿಸಿದ್ದ ಈ ತೇಲಾಟವನ್ನು 3.0ರಲ್ಲಿ ಬಿಟ್ಟು, ಪೇಸ್ಟ್ ಮಾಡಿದ ಕೂಡಲೇ ಹೊಸ ಲೇಯರ್ ಆಗುವಂತೆ ಮಾಡಿದ್ದಾರೆ. ಸುಲಭವಾಯಿತಲ್ಲ? ಕಾಕಾನ ಬೆರಳು ಮಾತ್ರ ಪೇಸ್ಟ್ ಆದ ತಕ್ಷಣ ತಾನಾಗಿಯೇ ಎಚ್ ಒತ್ತುತ್ತಿತ್ತು. ಏನೂ ಆಗುತ್ತಿರಲಿಲ್ಲ. ಮತ್ತೆ ಒತ್ತುತ್ತಿದ್ದರು. ಎಲ್ಲೋ ತಪ್ಪಾಯಿತು ಎಂದುಕೊಂಡು ಅಂಡೂ ಮಾಡಿ ಮೊದಲಿಂದ ಶುರು ಮಾಡುತ್ತಿದ್ದರು. ಇಲ್ಲದ ಒಂದು ಮೆಟ್ಟಿಲಿಗೆ ಕಾಲು ಎತ್ತಿ ಇಡುತ್ತಿದ್ದರು ಎನ್ನಬಹುದು.

ವಿಡಿಯೊ ಕಾಲ್ ಮಾಡಿದೆ. ಅಂಗಡಿಯ ನೆಟ್‌ವರ್ಕಿನಲ್ಲಿ ಪರದೆ ಕಲ್ಲುಮಂಜಿನಂತೆ ಕಂಡಿತು. ಹತ್ತೂವರೆಗೆ ಕಾಕಾ, ‘ಇರ್ಲಿ ಬಿಡಪಾ, ನೀ ಓದ್ಕೊ’ ಎಂದು ಫೋನ್ ಇಟ್ಟರು.

ಆಮೇಲೆ ಏನಾಯಿತು ಎನ್ನುವುದು ಗೊತ್ತಾದದ್ದು ದೀಪಾವಳಿಗೆ ಊರಿಗೆ ಹೋದಾಗ, ಅದೂ ಚಿಗವ್ವನಿಂದ. ಬಂದವರನ್ನು ಕಾಕಾ ಬೇರೆ ಅಂಗಡಿಗೆ ಕಳಿಸಿದ್ದರು. ಕಂಪ್ಯೂಟರ್ ಕೆಟ್ಟಿದೆ ಎಂದಿದ್ದರಂತೆ. ಅಂದಿನಿಂದ ಸ್ವಲ್ಪ ಕಷ್ಟದ ಕೆಲಸ ಬಂದರೆಲ್ಲ ಅದೇ ಉತ್ತರ. ಮೊದಲನೇ ವರ್ಷದಲ್ಲಿ ಪೈಥಾನ್ ಕಲಿತ ಹುರುಪಿನಲ್ಲಿ ನಾನೇ ಅವರಿಗೊಂದು ಪ್ಲಗಿನ್ ಬರೆದುಕೊಟ್ಟಿದ್ದೆ. ಒಂದು ಫೋಟೊ ಕೊಟ್ಟರೆ ನಾಲ್ಕು–ಆರು ಇಂಚಿನ ಕಾಗದದಲ್ಲಿ ಎಂಟು ಪಾಸ್‌ಪೋರ್ಟ್ ಫೋಟೊಗಳನ್ನು ತಾನೇ ಜೋಡಿಸುತ್ತಿತ್ತು. ಅದು ಪೈಥಾನ್ 2ರದ್ದು. ಪೈಥಾನ್ 2 ನಿಂತುಹೋಗಿದ್ದು 2020ರ ಜನವರಿ 1ಕ್ಕೆ. ಗಿಂಪ್ 3.0 ಪೈಥಾನ್ 3ನ್ನು ಮಾತ್ರ ಒಪ್ಪುತ್ತದೆ. ನಾನು ಅದನ್ನು ಹಾಕಿ, ಒಮ್ಮೆಯೂ ಓಡಿಸಿ ನೋಡದೆ, ಚೆಂಡುಹೂವು ಮುಡಿಸಿ ಬಂದಿದ್ದೆ. ಸ್ಕಾಲರ್‌ಶಿಪ್ ಅರ್ಜಿಗೆ ಫೋಟೊ ತೆಗೆಸಲು ಬರುವ ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು ಕಾಕಾ ಎಂಟೆಂಟು ಸಲ ಪೇಸ್ಟ್ ಮಾಡುತ್ತಿದ್ದರು.

ಇಷ್ಟಾದರೂ ನನಗೊಂದು ಮಾತು ಹೇಳಿರಲಿಲ್ಲ. ‘ಹುಡುಗ ಅಷ್ಟು ರೊಕ್ಕ ಖರ್ಚು ಮಾಡಿ ಮಾಡ್ಯಾನ, ನಂಗ ಬರೂದಿಲ್ಲ ಅಂತ ಹೆಂಗ ಹೇಳ್ಲಿ’ ಎಂದಿದ್ದರಂತೆ. ಇದು ನನ್ನನ್ನು ಹೆಚ್ಚು ಚುಚ್ಚಿತು. ಕೆಟ್ಟದ್ದು ನನ್ನ ಕೆಲಸ, ‘ಬರುವುದಿಲ್ಲ’ ಎನ್ನುವ ಅವಮಾನ ಅವರಿಗೆ.

ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ ನನ್ನ ರೂಮ್‌ಮೇಟ್, ‘ಎರಡು ವಾರ ಒದ್ದಾಡ್ತಾರೆ, ಆಮೇಲೆ ಅವರೇ ಥ್ಯಾಂಕ್ಸ್ ಹೇಳ್ತಾರೆ ಬಿಡೋ’ ಎಂದ. ಕಂಪ್ಯೂಟರ್ ಸೈನ್ಸಿನವರ ಮಾಮೂಲಿ ಮಾತು ಇದು. ಇದರಲ್ಲಿ ಸುಳ್ಳೇನೂ ಇಲ್ಲ, ಎಲ್ಲರಿಗೂ ಅಭ್ಯಾಸ ಆಗುತ್ತದೆ. ಆದರೆ ಆ ಎರಡು ವಾರದ ಖರ್ಚು ಯಾರ ಲೆಕ್ಕಕ್ಕೆ? ನಾನು ವಿದ್ಯಾರ್ಥಿ. ಒಂದು ಸಾಫ್ಟ್‌ವೇರ್‌ನ ಮುಖ ಬದಲಾದರೆ ಒಂದು ಸಂಜೆ ಯೂಟ್ಯೂಬ್ ನೋಡುತ್ತೇನೆ, ಬೈದುಕೊಳ್ಳುತ್ತೇನೆ, ಕಲಿಯುತ್ತೇನೆ. ದಿನದ ಕೂಲಿಯಂತೆ ದುಡಿಯುವವರಿಗೆ ಎರಡು ವಾರ ಎಂದರೆ ಕೈತಪ್ಪಿದ ಗಿರಾಕಿಗಳು, ಮತ್ತೆ ಈ ಕಡೆ ತಿರುಗಿ ನೋಡದ ಗಿರಾಕಿಗಳು. ಹೊಸ ವಿನ್ಯಾಸದ ಬಗ್ಗೆ ನಮ್ಮ ಚರ್ಚೆಗಳಲ್ಲಿ ಚಂದ ಇದೆಯೇ, ಆಧುನಿಕವಾಗಿದೆಯೇ ಎಂದೆಲ್ಲ ಬರುತ್ತದೆ, ಈ ಲೆಕ್ಕ ಬರುವುದಿಲ್ಲ.

ಹಾಗೆಂದು ಬದಲಾವಣೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ನಾನು ಬ್ಲೆಂಡರ್ ಕಲಿತದ್ದೇ ಒಂದು ದೊಡ್ಡ ಬದಲಾವಣೆಯ ದೆಸೆಯಿಂದ. 2019ರ ಜುಲೈನಲ್ಲಿ 2.80 ಬರುವವರೆಗೆ ಆ ತ್ರೀಡಿ ತಂತ್ರಾಂಶದಲ್ಲಿ ವಸ್ತುವನ್ನು ಆಯ್ಕೆ ಮಾಡಬೇಕಾದರೆ ಮೌಸಿನ ಬಲಗುಂಡಿ ಒತ್ತಬೇಕಿತ್ತು. ಜಗತ್ತಿನ ಉಳಿದೆಲ್ಲ ಕಡೆ ಎಡ, ಅಲ್ಲಿ ಮಾತ್ರ ಬಲ. 2.80ರಲ್ಲಿ ಎಡಗುಂಡಿ ಬಂತು, ಸಾಧನಗಳು ಕಣ್ಣಿಗೆ ಕಾಣುವಂತೆ ಎಡಬದಿಗೆ ಬಂದವು, ಸ್ಪೇಸ್ ಒತ್ತಿದರೆ ಹುಡುಕಾಟದ ಬದಲು ಅನಿಮೇಷನ್ ಓಡತೊಡಗಿತು. ಹಳಬರಲ್ಲಿ ಕೆಲವರು ಸಿಟ್ಟಾದರು. ಪಿಯುಸಿಯಲ್ಲಿದ್ದಾಗ ಅವರ ಹಳೆಯ ದೂರುಗಳನ್ನು ಓದಿ ನಾನು ನಕ್ಕಿದ್ದೆ. ಎಡಗುಂಡಿಗೆ ಇಷ್ಟು ರಂಪವೇ ಎಂದು. ನನ್ನಂಥವರಿಗೆ ಬಾಗಿಲು ತೆರೆದದ್ದೇ ಆ ಬದಲಾವಣೆ ಎನ್ನುವುದರಲ್ಲಿ ಈಗಲೂ ನನಗೆ ಅನುಮಾನವಿಲ್ಲ. ಕಳೆದ ವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಬ್ಲೆಂಡರ್‌ನಲ್ಲೇ ತಯಾರಾದದ್ದು. ಅದರ ನಿರ್ದೇಶಕ ಗಿಂಟ್ಸ್ ಜಿಲ್ಬಾಲೋಡಿಸ್ ಬೇರೆ ತಂತ್ರಾಂಶ ಬಿಟ್ಟು ಬ್ಲೆಂಡರ್‌ಗೆ ಬಂದದ್ದೂ 2019ರಲ್ಲೇ.

ಆದರೆ ನಗುವಾಗ ನಾನೊಂದನ್ನು ಗಮನಿಸಿರಲಿಲ್ಲ. 2.80ನ್ನು ಮೊದಲ ಸಲ ತೆರೆದ ಕೂಡಲೇ ಎದುರಿಗೆ ಒಂದು ಪುಟ್ಟ ಚೌಕ ಬರುತ್ತಿತ್ತು. ಆಯ್ಕೆ ಎಡಗುಂಡಿಯಲ್ಲೋ ಬಲಗುಂಡಿಯಲ್ಲೋ, ಕೀಲಿಗಳು ಹೊಸ ರೀತಿಯವೋ 2.7ರ ಕಾಲದವೋ ಎಂದು ಅಲ್ಲೇ ಕೇಳುತ್ತಿತ್ತು. ಹಳಬರು ಒಂದು ಸಲ ಒತ್ತಿದರೆ ಕೈ ಅಭ್ಯಾಸದ ಬಹುಪಾಲು ಉಳಿಯುತ್ತಿತ್ತು. ನಮ್ಮ ಕಾಲೇಜಿನ ಪ್ರತಿ ಪ್ರಾಜೆಕ್ಟಿನಲ್ಲೂ ಬಳಸುವ ಫಿಗ್ಮಾದಲ್ಲಿ 2024ರಲ್ಲಿ ಹೊಸ ವಿನ್ಯಾಸ ಬಂದಾಗ ಬದಿಯ ಫಲಕಗಳನ್ನು ತೇಲುವಂತೆ ಮಾಡಿದ್ದರು. ಬಳಕೆದಾರರು ಬೇಡ ಎಂದರು. ಕೆಲವೇ ತಿಂಗಳಲ್ಲಿ ಫಲಕಗಳು ಅಂಚಿಗೆ ವಾಪಸು ಅಂಟಿಕೊಂಡವು. ಹಿಂದಕ್ಕೆ ಹೆಜ್ಜೆ ಇಡುವುದು ಸೋಲು ಎಂದು ಅವರು ಭಾವಿಸಲಿಲ್ಲ.

ಗಿಂಪ್‌ನವರಾದರೂ ಏನು ಮಾಡಿದ್ದರು? ದೀಪಾವಳಿಯ ಪಾಡ್ಯದ ಮರುದಿನ ಅಂಗಡಿಯಲ್ಲಿ ಕುಳಿತು ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನನಗೇ ನಾಚಿಕೆಯಾಯಿತು. ಬಣ್ಣದ ಹಳೆಯ ಚಿತ್ರಗಳು ಅಲ್ಲೇ ಇದ್ದವು, ಐಕಾನ್ ಥೀಮ್ ಎನ್ನುವ ಕಡೆ ಒಂದು ಕ್ಲಿಕ್. ಕಪ್ಪು ಹೋಗಿ ತಿಳಿ ಬಣ್ಣ ಬರಲು ಇನ್ನೊಂದು. ‘ಟೂಲ್ ಗ್ರೂಪ್’ ಎನ್ನುವುದರ ಮುಂದಿನ ಗುರುತು ತೆಗೆದರೆ ಗುಂಪು ಒಡೆದು ಪಟ್ಟಿ, ಶಿಕ್ಕಾ, ಬಕೆಟ್ ಎಲ್ಲ ಬೇರೆಬೇರೆಯಾಗಿ ಸಾಲಾಗಿ ಬಂದವು. ಒಂದೇ ಕಿಟಕಿಯನ್ನು ಬಿಡಿಸಿ ಮೊದಲಿನಂತೆ ಎಡಕ್ಕೊಂದು ಬಲಕ್ಕೊಂದು ಮಾಡುವುದಕ್ಕೂ ಅವಕಾಶವಿತ್ತು. ತಯಾರಿಸಿದವರು ಹಳೆಯ ದಾರಿಗಳನ್ನು ಮುಚ್ಚಿರಲಿಲ್ಲ. ಒಳಗೆಲ್ಲೋ ಇಟ್ಟಿದ್ದರು, ಮುಂಬಾಗಿಲಿನಲ್ಲಿ ಕೇಳಿರಲಿಲ್ಲ. 2.8 ಬಂದದ್ದು 2012ರಲ್ಲಿ, 2.10 ಬಂದದ್ದು 2018ರಲ್ಲಿ. ಈ ಬದಲಾವಣೆಗಳಲ್ಲಿ ಬಹಳಷ್ಟು ಆ ನಡುವಿನ ಆವೃತ್ತಿಗಳಲ್ಲಿ ಒಂದೊಂದಾಗಿ ಬಂದವು. ನಡುವಿನದನ್ನು ಹಾರಿಸಿ, ಹದಿಮೂರು ವರ್ಷದ ಬದಲಾವಣೆಯನ್ನು ಒಂದೇ ರಾತ್ರಿ ಕಾಕಾನ ತಲೆಯ ಮೇಲೆ ಹೊರಿಸಿದವನು ನಾನು.

ಅಂದು ಮಾಡಿದ ಒಳ್ಳೆಯ ಕೆಲಸ ಎಂದರೆ ಅದಕ್ಕೂ ಮೊದಲು ಒಂದಿಡೀ ದಿನ ಕಾಕಾನ ಪಕ್ಕದಲ್ಲಿ ಸುಮ್ಮನೆ ಕುಳಿತದ್ದು. ಅವರು ಏನನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಯಾವ ಕೀಲಿಯನ್ನು ನೋಡದೆ ಒತ್ತುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಾಲ್ಕು ಪುಟ ಆಯಿತು. ನಮ್ಮ ಪಠ್ಯದಲ್ಲಿ ಇದಕ್ಕೆ ಗಂಭೀರ ಹೆಸರಿದೆ, ‘ರಿಕ್ವೈರ್‌ಮೆಂಟ್ ಎಲಿಸಿಟೇಷನ್’. ಸಾಫ್ಟ್‌ವೇರ್ ಇಂಜಿನಿಯರಿಂಗ್ ಪೇಪರಿನಲ್ಲಿ ಅದರ ಬಗ್ಗೆ ಪ್ರಶ್ನೆ ಬಂದಾಗ ಎಂಟು ಅಂಕಕ್ಕೆ ಎರಡು ಪುಟ ಬರೆದಿದ್ದೇನೆ. ಸ್ವಂತ ಕಾಕಾನ ಮೇಜಿನ ಮುಂದೆ ಅದರ ನೆನಪೇ ಆಗಿರಲಿಲ್ಲ.

ಪ್ಲಗಿನ್ ಪೈಥಾನ್ 3ಕ್ಕೆ ಬದಲಾಯಿಸಲು ಮೂರು ರಾತ್ರಿ ಹಿಡಿಯಿತು. ಪ್ರಿಂಟ್‌ಗೆ ಆವರಣ ಚಿಹ್ನೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಗಿಂಪ್ ಜೊತೆ ಮಾತನಾಡುವ ಇಡೀ ಪದ್ಧತಿಯೇ ಬದಲಾಗಿತ್ತು. ಪ್ಲಗಿನ್ ಕಡತವನ್ನು ಅದೇ ಹೆಸರಿನ ಫೋಲ್ಡರಿನ ಒಳಗೇ ಇಡಬೇಕು ಎಂಬ ಒಂದು ಸಣ್ಣ ನಿಯಮ ತಿಳಿಯದೆ ಮೊದಲ ರಾತ್ರಿ ಪೂರ್ತಿ ಹೋಯಿತು. ‘ಅಲ್ಲೇ ಇದೆ, ಸರಿಯಾಗಿ ನೋಡು’ ಎಂದು ನನಗೆ ಯಾರಾದರೂ ಆಗ ಹೇಳಿದ್ದರೆ ಲ್ಯಾಪ್‌ಟಾಪ್ ಎತ್ತಿ ಎಸೆಯುತ್ತಿದ್ದೆನೇನೋ.

ಇದನ್ನು ಓದುವವರಲ್ಲಿ ಹಲವರು ಡಿಸೈನ್, ಎಡಿಟಿಂಗ್, ಅನಿಮೇಷನ್ ಕೆಲಸ ಹುಡುಕುತ್ತಿರಬಹುದು. ನಿಮಗೆ ಬೇರೆ ರೀತಿಯ ಅಪಾಯವಿದೆ. ನನ್ನ ಪಿಯುಸಿ ಗೆಳತಿಯೊಬ್ಬಳು ಆರು ತಿಂಗಳ ಮಲ್ಟಿಮೀಡಿಯಾ ಕೋರ್ಸ್ ಮುಗಿಸಿ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದಳು. ಒಂದು ಫೋಟೊದ ಹಿನ್ನೆಲೆ ಬದಲಿಸಿ ತೋರಿಸಿ ಎಂದರಂತೆ. ಅಲ್ಲಿದ್ದದ್ದು ಅವಳು ಕಲಿತದ್ದಕ್ಕಿಂತ ಹೊಸ ಆವೃತ್ತಿ. ‘ಮೇಲಿಂದ ಮೂರನೇ ಗುಂಡಿ’ ಎಂದು ಕಲಿತಿದ್ದಳು, ಮೂರನೆಯದು ಬೇರೆ ಯಾವುದೋ ಆಗಿತ್ತು. ಹತ್ತು ನಿಮಿಷ ಬೆವತು ಎದ್ದು ಬಂದಳು. ಕಾಕಾ ಜಾಗ ನೆನಪಿಟ್ಟುಕೊಂಡದ್ದು ಹನ್ನೊಂದು ವರ್ಷದ ದುಡಿಮೆಯಿಂದ, ಅವಳಿಗೆ ಜಾಗವನ್ನೇ ಪಾಠವೆಂದು ಹೇಳಿಕೊಟ್ಟಿದ್ದರು. ಶುಲ್ಕ ಕಟ್ಟಿ ಕಲಿಯುವವರು ಈ ವಿಷಯದಲ್ಲಿ ಜಗಳವಾಡಿಯಾದರೂ ಕೇಳಬೇಕು. ಲೇಯರ್ ಯಾಕೆ ಬೇಕು, ಮಾಸ್ಕ್ ಏನು ಮಾಡುತ್ತದೆ, ಕರ್ವ್ಸ್ ಎಳೆದರೆ ಬೆಳಕು ಯಾಕೆ ಬದಲಾಗುತ್ತದೆ ಎಂದು ಗೊತ್ತಿದ್ದವರಿಗೆ ಅಂಗಡಿ ಯಾವುದಾದರೂ ಸರಕು ಒಂದೇ. ಗುಂಡಿ ಸಿಗದಿದ್ದರೆ ಹುಡುಕುವ ದಾರಿ ಇದೆ. ಗಿಂಪ್‌ನಲ್ಲಿ ಓರೆಗೆರೆಯ ಕೀಲಿ ಒತ್ತಿ, ಬ್ಲೆಂಡರ್‌ನಲ್ಲಿ ಎಫ್3 ಒತ್ತಿ, ಬೇಕಾದುದರ ಹೆಸರು ಟೈಪ್ ಮಾಡಿದರೆ ಅದು ಎದುರಿಗೆ ಬರುತ್ತದೆ. ಆದರೆ ಹೆಸರು ಗೊತ್ತಿರಬೇಕು, ಅದೂ ಇಂಗ್ಲಿಷ್‌ನಲ್ಲಿ. ಕಾಕಾನ ‘ಪಟ್ಟಿ’ ಅಲ್ಲಿ ಸಿಗುವುದಿಲ್ಲ.

ಮುಂದೆ ನಮ್ಮಲ್ಲಿ ಅನೇಕರು ಇಂಥ ಗುಂಡಿಗಳನ್ನು ಜರುಗಿಸುವ ಕೆಲಸಕ್ಕೇ ಸೇರುತ್ತೇವೆ. ಕ್ಯಾಂಪಸ್ ಪ್ಲೇಸ್‌ಮೆಂಟಿನ ಸಿದ್ಧತೆಯಲ್ಲಿ ನಾನೂ ಇದ್ದೇನೆ. ಜರುಗಿಸಲೇಬೇಕಾದ ಸಂದರ್ಭ ಬರುತ್ತದೆ, ಪೈಥಾನ್ 2ನ್ನು ಯಾರೂ ಕಾಯಂ ಹೊತ್ತುಕೊಂಡು ತಿರುಗಲು ಆಗುವುದಿಲ್ಲ. ನನ್ನ ತಕರಾರು ಇಷ್ಟೇ. ಹಳೆಯದು ಎಲ್ಲಿ ಹೋಯಿತು ಎಂದು ತೆರೆದ ಮೊದಲ ಪರದೆಯಲ್ಲೇ ಹೇಳಲಿ, ಸೆಟ್ಟಿಂಗ್‌ನ ಏಳನೇ ಮನೆಯಲ್ಲಲ್ಲ. ಯಾವ ದಿನ ಬದಲಾಗಬೇಕು ಎಂದು ಅದರಿಂದ ಅನ್ನ ತಿನ್ನುವವರು ನಿರ್ಧರಿಸಲಿ. ರಾತ್ರೋರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿ ಬೆಳಗ್ಗೆ ಹೊಸ ಮುಖ ತೋರಿಸುವ ಆ್ಯಪ್‌ಗಳು, ರಜೆಗೆ ಬಂದು ಕೇಳದೆ ಎಲ್ಲವನ್ನೂ ಸರಿ ಮಾಡಿಹೋಗುವ ನನ್ನಂಥ ಹುಡುಗರು, ಇಬ್ಬರದೂ ಒಂದೇ ಜಾತಿ.

ಕಾಕಾನ ಕಂಪ್ಯೂಟರಿನಲ್ಲಿ ಈಗ ಎರಡು ನರಿಗಳಿವೆ. ಗಿಂಪ್‌ನ ಹಳೆಯ ಆವೃತ್ತಿಗಳು ಅವರ ಜಾಲತಾಣದಲ್ಲೇ ಸಿಗುತ್ತವೆ, 2.8 ಮತ್ತು 3.0 ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಲ್ಲವು. ದಸರಾ ರಾತ್ರಿಯೇ ಹಾಗೆ ಹಾಕಬಹುದಿತ್ತು. ಎರಡಕ್ಕೂ ಕಾಕಾ ತಾವೇ ಹೆಸರು ಬರೆದಿದ್ದಾರೆ, ಒಂದು ‘ಹಳೇದು’, ಇನ್ನೊಂದು ‘ತಮ್ಮಂದು’. ಒಂದೇ ಎಚ್ಚರಿಕೆ ಹೇಳಿದ್ದೇನೆ. ‘ತಮ್ಮಂದು’ ಇದರ ಹೊಸ ಸೌಲಭ್ಯ ಬಳಸಿ ಉಳಿಸಿದ ಕಡತ ‘ಹಳೇದು’ ಇದರಲ್ಲಿ ತೆರೆಯುವುದಿಲ್ಲ. ಅದಕ್ಕೆ ಅವರು ಎರಡು ಬೇರೆ ಫೋಲ್ಡರ್ ಮಾಡಿಕೊಂಡಿದ್ದಾರೆ.

ಸಂಕ್ರಾಂತಿಗೆ ಹೋದಾಗ ನೋಡಿದೆ. ಜಾತ್ರೆಯ ಬ್ಯಾನರ್ ಒಂದನ್ನು ‘ತಮ್ಮಂದು’ ಇದರಲ್ಲೇ ಮಾಡುತ್ತಿದ್ದರು. ಅಕ್ಷರಗಳ ಹಿಂದಿನ ನೆರಳನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಮೊದಲಿನಂತೆ ಅಳಿಸಿ ಮತ್ತೆ ಹಾಕಬೇಕಿಲ್ಲ ಎನ್ನುವುದು ಅವರಿಗೆ ಬಹಳ ಹಿಡಿಸಿದೆ. ‘ಇದೊಂದು ಚಲೋ ಮಾಡ್ಯಾರ ನೋಡು’ ಎಂದರು. ನನಗೆ ಆಸೆ ಹುಟ್ಟಿತು.

‘ಹಂಗಾದ್ರ ಹಳೇದು ತೆಗದ್ಬಿಡ್ಲಿರಿ ಕಾಕಾ?’

ಕಾಕಾ ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು. ‘ಮದುವಿ ಸೀಸನ್ ಮುಗೀಲಿ. ಆಮ್ಯಾಲ ನಾನ ಹೇಳ್ತೀನಿ. ಈಗ ಆ ಪೆನ್‌ಡ್ರೈವ್ ಕಿಸೇದಾಗ ಇಟ್ಕೊ.’